ಹೃದಯದ ಗಾಯ ಮಾಯುವುದೇ? ಬೆಳವಣಿಗೆಯ ಅಂಶಗಳ ಬಗ್ಗೆ ತಿಳಿದಿರಬೇಕಾದದ್ದು

ಘಟ್ಟದ ಮೇಲಿನ ರೋಗಿಗಳು ಚಿಕಿತ್ಸೆಗಾಗಿ ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಿಗೆ ಬರುವುದು ಹೊಸತೇನಲ್ಲ. ಹೃದಯಾಘಾತವಾದವರ ಮನೆಯವರು ವೈದ್ಯರ ಬಳಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. "ಹಾಳಾದ ಭಾಗ ಮತ್ತೆ ಮೊದಲಿನಂತೆ ಆಗುತ್ತದೆಯೇ?" ಇತ್ತೀಚೆಗೆ ಇದರೊಂದಿಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. "ಹೃದಯವನ್ನು ಮತ್ತೆ ಬೆಳೆಸುವ ಇಂಜೆಕ್ಷನ್ ಬಂದಿದೆಯಂತೆ, ಹೌದೇ?" ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲೂಕುಗಳಲ್ಲಿ ದೊಡ್ಡ ಹೃದ್ರೋಗ ಆಸ್ಪತ್ರೆಗೆ ಹೋಗಲು ದಾವಣಗೆರೆ ಅಥವಾ ಶಿವಮೊಗ್ಗದ ದಾರಿ ಹಿಡಿಯಬೇಕು. ಅಲ್ಲಿನವರಿಗೆ ಈ ಪ್ರಶ್ನೆಗಳ ಉತ್ತರ ತಿಳಿದಿರುವುದು ಹೆಚ್ಚು ಅಗತ್ಯ.

ಹೃದಯಾಘಾತದಲ್ಲಿ ಆಗುವುದೇನು?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಆ ಭಾಗಕ್ಕೆ ಆಮ್ಲಜನಕ ಸಿಗುವುದಿಲ್ಲ. ಅಲ್ಲಿನ ಜೀವಕೋಶಗಳು ಸಾಯತೊಡಗುತ್ತವೆ. ದೊಡ್ಡ ಆಘಾತದಲ್ಲಿ ಸುಮಾರು ನೂರು ಕೋಟಿ ಕೋಶಗಳು ನಾಶವಾಗಬಹುದು. ಚರ್ಮಕ್ಕೆ ಗಾಯವಾದರೆ ಹೊಸ ಚರ್ಮ ಬರುತ್ತದೆ, ಪಿತ್ತಜನಕಾಂಗದ ಒಂದು ಭಾಗ ಕತ್ತರಿಸಿದರೂ ಬೆಳೆಯುತ್ತದೆ. ಹೃದಯ ಹಾಗಲ್ಲ. ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 25ರ ವಯಸ್ಸಿನಲ್ಲಿ ಹೃದಯ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಶೇ. 1ರಷ್ಟು ಮಾತ್ರ ಹೊಸದಾಗುತ್ತವೆ. 75ರ ಹೊತ್ತಿಗೆ ಇದು ಶೇ. 0.5ಕ್ಕಿಂತಲೂ ಕಡಿಮೆ. ಆದ್ದರಿಂದ ಸತ್ತ ಸ್ನಾಯುವಿನ ಜಾಗದಲ್ಲಿ ಗಟ್ಟಿಯಾದ ಕಲೆ ಉಳಿಯುತ್ತದೆ. ಆ ಕಲೆ ಹೃದಯದ ಗೋಡೆ ಒಡೆಯದಂತೆ ಕಾಪಾಡುತ್ತದೆ, ಆದರೆ ಸ್ನಾಯುವಿನಂತೆ ಮಿಡಿಯುವುದಿಲ್ಲ.

ಬೆಳವಣಿಗೆಯ ಅಂಶಗಳು ಎಂದರೇನು?

ವೈದ್ಯರು ಗ್ರೋತ್ ಫ್ಯಾಕ್ಟರ್ ಎಂದು ಕರೆಯುವ ಇವು ದೇಹವೇ ತಯಾರಿಸುವ ಪ್ರೋಟೀನುಗಳು. ಒಂದು ಕೋಶ ಇನ್ನೊಂದಕ್ಕೆ ಕಳುಹಿಸುವ ಚೀಟಿ ಎಂದು ತಿಳಿದುಕೊಳ್ಳಬಹುದು. "ಬೆಳೆ", "ಇಬ್ಭಾಗವಾಗು", "ಇಲ್ಲಿ ರಕ್ತನಾಳ ಕಟ್ಟು" ಎಂಬ ಸೂಚನೆಗಳು ಅದರಲ್ಲಿರುತ್ತವೆ. ಇವುಗಳ ಶೋಧಕ್ಕಾಗಿ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹೃದಯಕ್ಕೆ ಸಂಬಂಧಿಸಿ ಮೂರನ್ನು ಮುಖ್ಯವಾಗಿ ಹೇಳಬಹುದು. ವಿಇಜಿಎಫ್ ಹೊಸ ರಕ್ತನಾಳಗಳನ್ನು ಚಿಗುರಿಸುತ್ತದೆ. ನ್ಯೂರೆಗ್ಯುಲಿನ್ ಸ್ನಾಯುಕೋಶಗಳ ಉಳಿವಿಗೆ, ಬೆಳವಣಿಗೆಗೆ ನೆರವಾಗುತ್ತದೆ. ಟಿಜಿಎಫ್-ಬೀಟಾ ಗಾಯದ ಜಾಗದಲ್ಲಿ ಕಲೆ ಕಟ್ಟಿಸುತ್ತದೆ. ಈ ಮೂರನೆಯದು ಮಿತಿಮೀರಿ ಕೆಲಸ ಮಾಡಿದರೆ ಚೆನ್ನಾಗಿರುವ ಭಾಗವೂ ಬಿಗಿಯಾಗಿ ಹೃದಯ ಸೋಲುತ್ತದೆ. ಅಂದರೆ ಬೆಳವಣಿಗೆ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ.

ಪ್ರಯೋಗಗಳು ಏನು ಹೇಳುತ್ತವೆ?

ನಮ್ಮ ದೇಶದ ಹೊಳೆ-ತೊರೆಗಳಲ್ಲೂ ಇರುವ ಜೀಬ್ರಾ ಮೀನಿನ ಹೃದಯದ ಐದನೇ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಅದು ಪುನಃ ಬೆಳೆಯುತ್ತದೆ ಎಂದು 2002ರಲ್ಲಿ ತಿಳಿದುಬಂತು. ಹುಟ್ಟಿದ ಮೊದಲ ದಿನಗಳಲ್ಲಿ ಇಲಿಮರಿಗೂ ಈ ಶಕ್ತಿ ಇರುತ್ತದೆ, ವಾರ ಕಳೆಯುವಷ್ಟರಲ್ಲಿ ಇಲ್ಲವಾಗುತ್ತದೆ ಎಂದು 2011ರಲ್ಲಿ ಕಂಡುಕೊಳ್ಳಲಾಯಿತು. ಆ ಶಕ್ತಿಯನ್ನು ಮನುಷ್ಯರಲ್ಲಿ ಎಬ್ಬಿಸಬಹುದೇ ಎಂಬುದೇ ಈಗಿನ ಹುಡುಕಾಟ.

ಮನುಷ್ಯರಲ್ಲಿ ಫಲ ಅಷ್ಟು ಸುಲಭವಾಗಿ ದೊರೆತಿಲ್ಲ. ವಿಇಜಿಎಫ್ ಔಷಧವನ್ನು ಎದೆನೋವಿನ 178 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. 60 ದಿನಗಳ ನಂತರ ನೋಡಿದಾಗ ಔಷಧ ಪಡೆದವರ ನಡೆಯುವ ಶಕ್ತಿ, ಔಷಧವಿಲ್ಲದ ದ್ರವ ಪಡೆದವರಿಗಿಂತ ಹೆಚ್ಚಿರಲಿಲ್ಲ. ನ್ಯೂರೆಗ್ಯುಲಿನ್ ಇಲಿಗಳ ಹೃದಯವನ್ನು ಸುಧಾರಿಸಿತು ಎಂದು 2009ರಲ್ಲಿ ವರದಿಯಾಯಿತು. ಆದರೆ ಹೊಸ ಸ್ನಾಯುಕೋಶ ಹುಟ್ಟಿದ್ದನ್ನು ಎಲ್ಲ ಪ್ರಯೋಗಾಲಯಗಳೂ ಕಾಣಲಿಲ್ಲ. ಬೈಪಾಸ್ ಶಸ್ತ್ರಚಿಕಿತ್ಸೆಯ ವೇಳೆ ವಿಇಜಿಎಫ್ ತಯಾರಿಸುವ ಎಂಆರ್‌ಎನ್‌ಎಯನ್ನು ನೇರವಾಗಿ ಹೃದಯಕ್ಕೆ ಚುಚ್ಚಿದ ಪ್ರಯೋಗದ ಫಲಿತಾಂಶ 2021ರಲ್ಲಿ ಹೊರಬಂತು. ಅದರಲ್ಲಿದ್ದವರು 11 ಮಂದಿ ಮಾತ್ರ.

ಚುಚ್ಚಿದ ಪ್ರೋಟೀನು ರಕ್ತದಲ್ಲಿ ಬೇಗ ಕರಗಿಹೋಗುತ್ತದೆ, ಬೇಕಾದಲ್ಲಿ ನಿಲ್ಲುವುದಿಲ್ಲ. ಹೆಚ್ಚು ಕೊಟ್ಟರೆ ರಕ್ತದೊತ್ತಡ ಕುಸಿಯಬಹುದು, ಸೋರುವ ರಕ್ತನಾಳಗಳು ಹುಟ್ಟಬಹುದು. ಗಡ್ಡೆಗಳ ಬೆಳವಣಿಗೆಗೆ ನೆರವಾದೀತೆಂಬ ಆತಂಕವೂ ಇದೆ.

ಮೋಸ ಹೋಗದಿರಿ

ಸಂಶೋಧನೆ ನಿಂತಿಲ್ಲ, ಭರವಸೆ ಇಟ್ಟುಕೊಳ್ಳಬಹುದು. ಆದರೆ ಹೃದಯವನ್ನು ಮತ್ತೆ ಬೆಳೆಸುವ ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್ ಇಂದು ಸಾಮಾನ್ಯ ಚಿಕಿತ್ಸೆಯಾಗಿ ಎಲ್ಲೂ ಲಭ್ಯವಿಲ್ಲ. ಕಾಂಡಕೋಶ ಚಿಕಿತ್ಸೆಯ ಬಗ್ಗೆಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಹೃದ್ರೋಗಕ್ಕೆ ಅದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳುವವರ ಮಾತಿಗೆ ಅಡಿಕೆ ತೋಟ, ಗದ್ದೆ ಅಡವಿಡುವ ಮೊದಲು ನಂಬಿಕೆಯ ಹೃದ್ರೋಗ ತಜ್ಞರನ್ನು ಒಮ್ಮೆ ಕೇಳಿ.

ಈಗ ನಮ್ಮ ಕೈಯಲ್ಲಿರುವುದು

ಸತ್ತ ಸ್ನಾಯುವನ್ನು ಬೆಳೆಸಲು ಇಂದು ಆಗದು. ಸಾಯುವ ಮೊದಲು ಉಳಿಸಿಕೊಳ್ಳಲು ಆಗುತ್ತದೆ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರಕಾರ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಯೋಜನೆಯ ವ್ಯಾಪ್ತಿಯ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಅದನ್ನು ಜಯದೇವದಂತಹ ಕೇಂದ್ರದ ತಜ್ಞರಿಗೆ ಕಳುಹಿಸಲಾಗುತ್ತದೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಇದು ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕರೆ ಹೆಚ್ಚು ಫಲಕಾರಿ, 12 ಗಂಟೆ ಕಳೆದ ಮೇಲೆ ಪ್ರಯೋಜನ ಬಹಳ ಕಡಿಮೆ. ನಿಮಗೆ ಹತ್ತಿರದ ಯಾವ ಸರಕಾರಿ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಇಂದೇ ವಿಚಾರಿಸಿಡಿ.

ಎದೆಯಲ್ಲಿ ಒತ್ತಿದಂತಹ ನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿದು ಬೆಳಗಾಗಲು ಕಾಯಬಾರದು. ರೋಗಿ ತಾನೇ ಬೈಕ್ ಓಡಿಸಬಾರದು, 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಮಹಿಳೆಯರಲ್ಲಿ ನೋವು ಇಲ್ಲದೆ ಬರೀ ಸುಸ್ತು, ಉಬ್ಬಸ ಇರಬಹುದು.

ಆಘಾತದ ನಂತರ ಕೊಡುವ ಮಾತ್ರೆಗಳನ್ನು "ಈಗ ಆರಾಮಾಗಿದ್ದೇನೆ" ಎಂದು ನಿಲ್ಲಿಸುವವರಿದ್ದಾರೆ. ರಾಮಿಪ್ರಿಲ್‌ನಂತಹ ಮಾತ್ರೆ ರಕ್ತದೊತ್ತಡ ಇಳಿಸುವುದಷ್ಟೇ ಅಲ್ಲ, ಅತಿಯಾಗಿ ಕಲೆ ಕಟ್ಟಿಸುವ ಸೂಚನೆಗಳನ್ನೂ ತಗ್ಗಿಸುತ್ತದೆ. ಬೆಳವಣಿಗೆಯ ಅಂಶಗಳ ಅರಿವಿನಿಂದ ಇಂದು ಸಾಮಾನ್ಯ ರೋಗಿಗೆ ಸಿಗಬಹುದಾದ ಲಾಭ ಇದೇ. ರೋಗಿಗಳ ಮನೆ ಭೇಟಿಗೆ ಹೋಗುವ ಕಾರ್ಯಕರ್ತರು ಮುಂದಿನ ಸಲ "ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಒಂದು ಮಾತು ಕೇಳಿದರೆ ಅದೂ ದೊಡ್ಡ ಸೇವೆಯೇ.