ಬಾಲ ಬೆಳೆಸುವ ಪೀಕ್, ಅಲ್ಪಾಯುಷಿ ಕಾಲಮ್

ಔಷಧಗಳ ಶುದ್ಧತೆಯನ್ನು ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಜೀವಾಳವೆಂದರೆ ಕಾಲಮ್ ಎಂಬ ಉಕ್ಕಿನ ಕೊಳವೆ. ಸಾಮಾನ್ಯವಾಗಿ 4.6 ಮಿಲಿಮೀಟರ್ ಒಳವ್ಯಾಸ, 150 ಅಥವಾ 250 ಮಿಲಿಮೀಟರ್ ಉದ್ದದ ಈ ಕೊಳವೆಯಲ್ಲಿ, 18 ಇಂಗಾಲದ ಸರಪಳಿಗಳನ್ನು ಮೈಗೆ ಬೆಸೆದುಕೊಂಡ ಸುಮಾರು 5 ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳನ್ನು ಒತ್ತಿ ತುಂಬಿರುತ್ತಾರೆ. ಪಂಪು ನೂಕುವ ದ್ರಾವಕದೊಡನೆ ಸಾಗುವ ಘಟಕಗಳು ಆ ಸರಪಳಿಗಳಿಗೆ ಅಂಟುವ ಮಟ್ಟಕ್ಕೆ ತಕ್ಕಂತೆ ಬೇರೆ ಬೇರೆ ವೇಳೆಗೆ ಹೊರಬರುತ್ತವೆ. ಡಿಟೆಕ್ಟರ್ ಪ್ರತಿಯೊಂದನ್ನೂ ಪೀಕ್ ಎಂಬ ಏರಿಳಿತವಾಗಿ ದಾಖಲಿಸುತ್ತದೆ.

ಪೀಕಿನ ಎರಡೂ ಮಗ್ಗುಲು ಸಮನಾಗಿರಬೇಕು. ಎತ್ತರದ ಶೇ. 5ರ ಮಟ್ಟದಲ್ಲಿ ಅದರ ಪೂರ್ಣ ಅಗಲವನ್ನು ಮುಂಭಾಗದ ಅಗಲದ ಎರಡರಷ್ಟರಿಂದ ಭಾಗಿಸಿದಾಗ ದೊರೆಯುವ ಟೇಲಿಂಗ್ ಫ್ಯಾಕ್ಟರ್ 1 ಇದ್ದರೆ ಆಕಾರ ಸಮ. 1ಕ್ಕಿಂತ ಹೆಚ್ಚಾದಷ್ಟೂ ಪೀಕಿನ ಹಿಂಭಾಗ ಬಾಲದಂತೆ ಎಳೆದುಕೊಂಡಿದೆ ಎಂದರ್ಥ. ಆಗ ಮೊದಲು ನೋಡಬೇಕಾದದ್ದು ಕೆಟ್ಟಿರುವುದು ಎಲ್ಲ ಪೀಕುಗಳೋ, ಕೆಲವು ಮಾತ್ರವೋ ಎಂಬುದನ್ನು. ಎಲ್ಲವೂ ಒಡೆದು ಜೋಡಿಯಾಗಿ ಕಂಡರೆ ದೋಷ ಬಹುತೇಕ ಭೌತಿಕವಾದದ್ದು: ಕೊಳವೆಯ ಬಾಯಿಯ ರಂಧ್ರಮಯ ಬಿಲ್ಲೆಯಾದ ಫ್ರಿಟ್ ಕಟ್ಟಿಕೊಂಡಿರಬೇಕು, ಇಲ್ಲವೇ ಕಣಗಳು ಕುಸಿದು ತಲೆಯ ಭಾಗದಲ್ಲಿ ಟೊಳ್ಳು ಬಿದ್ದಿರಬೇಕು. ಆರಂಭದ ಪೀಕುಗಳಷ್ಟೇ ವಿರೂಪಗೊಂಡಿದ್ದರೆ ಸಡಿಲ ಜೋಡಣೆಗಳನ್ನೂ, ಮಾದರಿಯನ್ನು ಕರಗಿಸಿದ ದ್ರಾವಕ ಹರಿಯುವ ದ್ರಾವಕಕ್ಕಿಂತ ಪ್ರಬಲವಾಗಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಬಾಲವು ಪ್ರತ್ಯಾಮ್ಲೀಯ ವಸ್ತುಗಳಿಗೆ ಮಾತ್ರ ಬಂದಿದ್ದರೆ ಕಾರಣ ರಾಸಾಯನಿಕವಾದದ್ದು. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಇದಕ್ಕೆ ಒಳ್ಳೆಯ ನಿದರ್ಶನ. ಸಿಲಿಕಾದ ಮೈಮೇಲೆ ಸರಪಳಿ ಬೆಸೆಯದೆ ಉಳಿದ ಸಿಲನಾಲ್ ಗುಂಪುಗಳು ಪಿಎಚ್ 7ರಲ್ಲಿ ಭಾಗಶಃ ಹೈಡ್ರೋಜನ್ ಕಳೆದುಕೊಂಡು ಋಣಾವೇಶ ಪಡೆದರೆ, ಅದೇ ಪಿಎಚ್‌ನಲ್ಲಿ ಅಮಿಟ್ರಿಪ್ಟಿಲಿನ್ ಧನಾವೇಶ ಹೊತ್ತಿರುತ್ತದೆ. ಹೀಗಾಗಿ ಅದರ ಕೆಲವು ಅಣುಗಳು ಸಿಲನಾಲಿಗೆ ಸಿಕ್ಕಿಕೊಂಡು ತಡವಾಗಿ ಬಿಡುಗಡೆಯಾಗುತ್ತವೆ. ಆವೇಶವಿಲ್ಲದ ಟಾಲ್ಯೂಯಿನ್ ಅದೇ ಕಾಲಮ್‌ನಲ್ಲಿ ನೀಟಾದ ಪೀಕ್ ಕೊಡುವುದರಿಂದ, ಇವೆರಡನ್ನೂ ಒಟ್ಟಿಗೆ ಹಾಯಿಸಿದರೆ ತಪ್ಪು ತುಂಬಿಕೆಯದೋ ಮೇಲ್ಮೈಯದೋ ಎಂಬುದು ಒಂದೇ ಪರೀಕ್ಷೆಯಲ್ಲಿ ಸ್ಪಷ್ಟವಾಗುತ್ತದೆ. ಬಫರಿನ ಪಿಎಚ್ ಅನ್ನು 3ಕ್ಕಿಂತ ಕೆಳಗಿಳಿಸಿದರೆ ಸಿಲನಾಲುಗಳ ಆವೇಶ ಬಹುಪಾಲು ಅಡಗುತ್ತದೆ. ಉಳಿದ ಸಿಲನಾಲುಗಳನ್ನು ಸಣ್ಣ ಗುಂಪುಗಳಿಂದ ಮುಚ್ಚಿದ, ಲೋಹದ ಕಲ್ಮಶ ಕಡಿಮೆಯಿರುವ ಸಿಲಿಕಾದ ಕಾಲಮ್ ಆಯ್ದುಕೊಳ್ಳುವುದು ಇನ್ನೊಂದು ದಾರಿ. ಅತಿಯಾದ ಮಾದರಿಯೂ ಇಂಥದೇ ಬಾಲ ತರಬಲ್ಲದಾದ್ದರಿಂದ, ಪ್ರಮಾಣವನ್ನು ಹತ್ತರಲ್ಲೊಂದಕ್ಕೆ ಇಳಿಸಿ ನೋಡದೆ ಸಿಲನಾಲನ್ನು ದೂರುವುದು ಆತುರವಾದೀತು.

ಆದರೆ ಪಿಎಚ್ ಇಳಿಸುವುದಕ್ಕೂ ಮಿತಿಯುಂಟು. ಸಾಮಾನ್ಯ ಸಿಲಿಕಾ ಕಾಲಮ್‌ಗಳಿಗೆ 2ರಿಂದ 8ರವರೆಗಿನ ಪಿಎಚ್ ಕ್ಷೇಮಕರ: 2ರ ಕೆಳಗೆ ಸರಪಳಿಗಳು ಕಳಚತೊಡಗುತ್ತವೆ, 8ರ ಮೇಲೆ ಸಿಲಿಕಾವೇ ಕರಗತೊಡಗುತ್ತದೆ, ಬಿಸಿ ಹೆಚ್ಚಿದಷ್ಟೂ ಈ ಎರಡೂ ಹಾನಿಗಳು ಚುರುಕಾಗುತ್ತವೆ. ತಲೆಯ ಭಾಗದ ಟೊಳ್ಳು ಹಲವು ಬಾರಿ ಹುಟ್ಟುವುದು ಹೀಗೆ ಕರಗಿಹೋದ ಸಿಲಿಕಾದಿಂದಲೇ. ಇನ್ನು ಫಾಸ್ಫೇಟ್ ಬಫರ್ ಹರಿಸಿದ ಕಾಲಮ್‌ಗೆ ನೇರವಾಗಿ ಶುದ್ಧ ಅಸಿಟೋನೈಟ್ರೈಲ್ ಬಿಡುವುದಂತೂ ಕಾಲಮ್‌ನ ಆಯುಷ್ಯಕ್ಕೆ ಕೊಡಲಿಯೇಟು. ಉಪ್ಪು ಒಳಗೇ ಹರಳುಗಟ್ಟಿ ಒತ್ತಡ ಏರುತ್ತದೆ. ಶೇ. 10ರಷ್ಟು ಮೆಥನಾಲ್ ಬೆರೆಸಿದ ನೀರಿನಿಂದ ಮೊದಲು ಉಪ್ಪನ್ನು ತೊಳೆದು, ಆಮೇಲೆ ದ್ರಾವಕ ಬದಲಿಸಬೇಕು. ಮಾದರಿಯನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮುಂದೊಂದು ಗಾರ್ಡ್ ಕಾಲಮ್ ಜೋಡಿಸಿದರೆ ಫ್ರಿಟ್ ಉಳಿಯುತ್ತದೆ. ಫ್ರಿಟ್ ಕಟ್ಟಿಕೊಂಡರೂ, ತಯಾರಕರು ಅನುಮತಿಸಿದ್ದಲ್ಲಿ, ಕಾಲಮ್ಮನ್ನು ತಿರುಗಿಸಿ ಡಿಟೆಕ್ಟರಿಗೆ ಸಂಪರ್ಕವಿಲ್ಲದಂತೆ ತೊಳೆದು ತೆರವುಗೊಳಿಸಬಹುದು. ಕರಗಿಹೋದ ಸಿಲಿಕಾವನ್ನು ಮಾತ್ರ ಯಾವ ತೊಳೆತವೂ ಮರಳಿ ತರಲಾರದು.