ಐವತ್ತರ ಮೇಲೆ ಬೆನ್ನು: ಮಲಗಿಸುವುದೋ, ನಡೆಸುವುದೋ?

"ಐವತ್ತಾಯ್ತಲ್ಲ, ಇನ್ನು ಸೊಂಟ ನೋವು ಇದ್ದದ್ದೇ." ಸ್ಟಾಫ್ ರೂಮಿನಲ್ಲಿ ಈ ಮಾತು ಕೇಳದ ವಾರ ಇಲ್ಲ. ನಮ್ಮ ಕೆಲಸವೂ ಹಾಗೆಯೇ ಉಂಟು. ನಾಲ್ಕೈದು ಪಿರಿಯಡ್ ಕರಿಹಲಗೆಯ ಮುಂದೆ ನಿಲ್ಲಬೇಕು, ಸಣ್ಣ ಮಕ್ಕಳ ಬೆಂಚಿನ ಮೇಲೆ ಬಗ್ಗಿ ಪುಸ್ತಕ ನೋಡಬೇಕು. ಮನೆಗೆ ಹೋದರೆ ಬಾವಿಯ ನೀರು, ತೋಟದಲ್ಲಿ ಅಡಿಕೆ ಹೆಕ್ಕುವ ಕೆಲಸ, ರಾತ್ರಿ ಉತ್ತರಪತ್ರಿಕೆಗಳ ಕಟ್ಟು. ನೋವು ಬಂದಾಗ ಹೆಚ್ಚಿನವರು ನಡಿಗೆ ನಿಲ್ಲಿಸುತ್ತಾರೆ, ರಜೆ ಹಾಕಿ ಮಲಗುತ್ತಾರೆ. ಬೆನ್ನು ಸವೆದಿದೆ, ಉಳಿದದ್ದನ್ನಾದರೂ ಖರ್ಚಾಗದಂತೆ ಇಟ್ಟುಕೊಳ್ಳೋಣ ಅಂತ ಲೆಕ್ಕ. ಬೆನ್ನೆಲುಬಿನ ರಚನೆಯನ್ನು ನೋಡಿದರೆ ಈ ಲೆಕ್ಕ ಸರಿಯಲ್ಲ ಎಂದು ತಿಳಿಯುತ್ತದೆ.

ಒಳಗೆ ಏನುಂಟು?

ಮಗುವಿನ ಬೆನ್ನಿನಲ್ಲಿ 33 ಕಶೇರುಮಣಿಗಳು ಇರುತ್ತವೆ. ದೊಡ್ಡವರಾಗುವಾಗ ಕೆಳಗಿನ ಒಂಬತ್ತು ಕೂಡಿಕೊಂಡು ಎರಡು ಎಲುಬುಗಳಾಗುತ್ತವೆ. ಬೇರೆ ಬೇರೆಯಾಗಿ ಉಳಿಯುವುದು 24: ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಹೆಚ್ಚು ಭಾರ ಹೊರುವುದು ಈ ಸೊಂಟದ ಐದು.

ಮಣಿಗಳ ನಡುವೆ ಮೆತ್ತೆಯ ಹಾಗೆ ಡಿಸ್ಕ್‌ಗಳಿವೆ, ಒಟ್ಟು 23. ಡಿಸ್ಕಿನ ಹೊರಗೆ ಪದರು ಪದರಾದ ಗಟ್ಟಿ ನಾರಿನ ಉಂಗುರ, ಒಳಗೆ ಎಳೆ ಬೊಂಡದ ತಿರುಳಿನಂತಹ ಲೋಳೆ. ಯೌವನದಲ್ಲಿ ಈ ಲೋಳೆಯ ಶೇಕಡಾ 80ಕ್ಕಿಂತ ಹೆಚ್ಚು ಭಾಗ ನೀರು. ವಯಸ್ಸಾದಂತೆ ಅದು ಶೇಕಡಾ 70ರ ಆಸುಪಾಸಿಗೆ ಇಳಿಯುತ್ತದೆ.

ಮುಖ್ಯ ವಿಷಯ ಇನ್ನೊಂದು ಉಂಟು. ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ, ಗ್ಲುಕೋಸ್ ಎಲ್ಲ ಮೇಲಿನ ಮತ್ತು ಕೆಳಗಿನ ಮಣಿಗಳಿಂದ ವಿಸರಣೆಯ ಮೂಲಕ ಜಿನುಗಿ ಬರಬೇಕು. ಹಗಲಿನ ಭಾರಕ್ಕೆ ಡಿಸ್ಕಿನಿಂದ ಸ್ವಲ್ಪ ನೀರು ಹೊರಹೋಗುತ್ತದೆ, ರಾತ್ರಿ ಮಲಗಿದಾಗ ಒಳಗೆ ಬರುತ್ತದೆ, ಸ್ಪಂಜನ್ನು ಹಿಂಡಿ ಬಿಟ್ಟ ಹಾಗೆ. ಭಾರ ಮತ್ತು ಬಿಡುವು ಬದಲಾಗುತ್ತಾ ಇರುವುದು ಈ ಹರಿದಾಟಕ್ಕೆ ಸಹಾಯ. ದಿನವಿಡೀ ಒಂದೇ ಭಂಗಿಯಲ್ಲಿ ಕೂತರೂ, ವಾರಗಟ್ಟಲೆ ಮಲಗಿದರೂ ಆ ಬದಲಾವಣೆ ತಪ್ಪುತ್ತದೆ. ಮಲಗಿದವರಲ್ಲಿ ಬೆನ್ನಿನ ಸ್ನಾಯುಗಳೂ ಬಲ ಕಳೆದುಕೊಳ್ಳುತ್ತವೆ.

ಮಲಗಿದರೆ ಬೇಗ ಗುಣವಾಗ್ತದಾ?

1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ನಗರಾಡಳಿತದ 186 ನೌಕರರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಎಲ್ಲರಿಗೂ ಹೊಸದಾಗಿ ಸೊಂಟ ನೋವು ಬಂದಿತ್ತು. ಒಂದು ಗುಂಪಿಗೆ ಎರಡು ದಿನ ಹಾಸಿಗೆಯ ವಿಶ್ರಾಂತಿ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ಬಿಟ್ಟಷ್ಟು ಮಾಮೂಲಿ ಓಡಾಟ. ಬೇಗ ಚೇತರಿಸಿಕೊಂಡವರು ಮೂರನೆಯವರು. ನಿಧಾನವಾದದ್ದು ಮಲಗಿದವರಿಗೆ.

ನೋವು ಹೋದ ಮೇಲೆ ಮತ್ತೆ ಬರದ ಹಾಗೆ ಏನು ಮಾಡಬಹುದು? 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸೊಂಟ ನೋವಿನಿಂದ ಗುಣವಾದ 701 ಮಂದಿ ಇದ್ದರು. ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ನಡಿಗೆ ಕಲಿಸಲಾಯಿತು. ನಿಧಾನವಾಗಿ ಏರಿಸುತ್ತಾ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ತಲುಪುವುದು ಗುರಿ. ನಡೆದವರಿಗೆ ನೋವು ಮರಳಿ ಬರಲು ಹಿಡಿದ ಕಾಲದ ಮಧ್ಯಾಂಕ 208 ದಿನ, ಉಳಿದವರಿಗೆ 112 ದಿನ.

ಸ್ಕ್ಯಾನ್ ವರದಿಯ ಹೆದರಿಕೆ

ಎಂ.ಆರ್.ಐ. ವರದಿಯಲ್ಲಿ "ಡಿಸ್ಕ್ ಡೀಜನರೇಶನ್" ಎಂದು ನೋಡಿದ ಕೂಡಲೇ ಎಷ್ಟೋ ಮಂದಿ ನಡೆಯುವುದನ್ನೇ ಬಿಡುತ್ತಾರೆ. ನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ ಇದೇ ಬದಲಾವಣೆ 20ರ ವಯಸ್ಸಿನವರಲ್ಲಿ ಶೇಕಡಾ 37, ಐವತ್ತರವರಲ್ಲಿ ಶೇಕಡಾ 80, ಎಂಬತ್ತರವರಲ್ಲಿ ಶೇಕಡಾ 96 ಮಂದಿಯಲ್ಲಿ ಕಂಡಿತು. ಅಂದರೆ ಇದು ಬಹುಮಟ್ಟಿಗೆ ಕೂದಲು ನರೆತ ಹಾಗೆ. ವರದಿಯ ಪದವನ್ನು ನೋಡಿ ತೀರ್ಮಾನ ಮಾಡಬೇಡಿ. ನಿಮ್ಮ ನೋವು ಎಲ್ಲಿ, ಹೇಗೆ ಎಂದು ವೈದ್ಯರಿಗೆ ಹೇಳಿ.

ಸನ್ನೆಯ ಪಾಠ ಸೊಂಟಕ್ಕೆ

ನಾವು ಮಕ್ಕಳಿಗೆ ಕಲಿಸುವ ಸನ್ನೆಯ ನಿಯಮ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆಧಾರಬಿಂದು ಸೊಂಟದ ಡಿಸ್ಕ್. ಬೆನ್ನಿನ ಸ್ನಾಯು ಅದರಿಂದ ಸುಮಾರು 5 ಸೆ.ಮೀ. ಹಿಂದೆ ಎಳೆಯುತ್ತದೆ. ಹತ್ತು ಕಿಲೋದ ಕೊಡಪಾನವನ್ನು 40 ಸೆ.ಮೀ. ಮುಂದೆ ಹಿಡಿದರೆ ಸ್ನಾಯು 80 ಕಿಲೋ ಭಾರಕ್ಕೆ ಸಮನಾಗಿ ಎಳೆಯಬೇಕು. ಮೈಗೆ ಹತ್ತಿರ, 20 ಸೆ.ಮೀ.ಗೆ ತಂದರೆ 40 ಸಾಕು. ಬಗ್ಗಿದಾಗ ನಮ್ಮ ತಲೆ, ಎದೆಯ ಭಾರವೂ ಇದಕ್ಕೆ ಸೇರುತ್ತದೆ.

1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೇ ಒತ್ತಡಮಾಪಕ ಇರಿಸಿ ಅಳೆದರು. ಮಲಗಿದಾಗಿನ ಒತ್ತಡ ನಿಂತಾಗಿನದರ ಐದನೇ ಒಂದು ಭಾಗ. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ ಅದು ನಿಂತಾಗಿನದರ ನಾಲ್ಕೂವರೆ ಪಾಲಿಗಿಂತ ಹೆಚ್ಚು. ಮೊಣಕಾಲು ಮಡಚಿ ಎತ್ತಿದಾಗ ಸುಮಾರು ಮೂರೂವರೆ ಪಾಲು. ಅದನ್ನೇ ಮೈಗೆ ಒತ್ತಿ ಹಿಡಿದು ನಿಂತರೆ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿ. ಏಳು ಗಂಟೆ ಮಲಗಿದ ಮೇಲೆ ಡಿಸ್ಕಿನ ಒತ್ತಡ ಮಲಗಿದ ಹೊತ್ತಿನದಕ್ಕಿಂತ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು, ನೀರು ತುಂಬಿಕೊಂಡ ಕಾರಣ.

ದಿನದಲ್ಲಿ ಏನು ಮಾಡಬಹುದು?

* ಎದ್ದ ಕೂಡಲೇ ಡಿಸ್ಕ್ ಉಬ್ಬಿರುತ್ತದೆ. ಹಿಡಿಸೂಡಿ ಹಿಡಿದು ಬಗ್ಗಿ ಅಂಗಳ ಗುಡಿಸುವುದನ್ನು, ಭಾರ ಎತ್ತುವುದನ್ನು ಒಂದು ಗಂಟೆ ಮುಂದೂಡಿ. ಹಿಡಿಸೂಡಿಗೆ ಉದ್ದದ ಕೋಲು ಕಟ್ಟಿದರೆ ಇನ್ನೂ ಒಳ್ಳೆಯದು.
* ಎತ್ತುವಾಗ ವಸ್ತುವಿನ ಹತ್ತಿರ ಹೋಗಿ, ಮೊಣಕಾಲು ಮತ್ತು ಸೊಂಟದ ಕೀಲಿನಲ್ಲಿ ಮಡಚಿ, ಮೈಗೆ ಒತ್ತಿ ಹಿಡಿದು ಏಳಿ. ಎತ್ತುತ್ತಾ ತಿರುಗಬೇಡಿ. ಅಕ್ಕಿ ಚೀಲಕ್ಕೆ ಇಬ್ಬರು ಕೈ ಹಾಕಿ.
* ಅಡಿಕೆ ಹೆಕ್ಕುವಾಗ, ಪೇಪರ್ ತಿದ್ದುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ತರಗತಿಯಲ್ಲಿ ಮಗುವಿನ ಪಕ್ಕ ಬೆಂಚಿನಲ್ಲಿ ಕೂತು ಪುಸ್ತಕ ನೋಡಿ.
* ನಡಿಗೆ ಹತ್ತು ನಿಮಿಷದಿಂದ ಶುರು ಮಾಡಿ. ಬಲಕ್ಕಾಗಿ ವಾರಕ್ಕೆ ಎರಡು ಮೂರು ದಿನ ಮೂರು ವ್ಯಾಯಾಮ: ಕೈ ಊರದೆ ಕುರ್ಚಿಯಿಂದ ಏಳುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈ ಮತ್ತು ಎದುರು ಬದಿಯ ಕಾಲನ್ನು ಚಾಚುವುದು.
* ಬೀಡಿ, ಸಿಗರೇಟು ಡಿಸ್ಕಿಗೂ ಕೆಡುಕು. ಬಿಡುವುದೇ ಲೇಸು.

ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಟೊಳ್ಳಾಗುತ್ತದೆ. ಎತ್ತರ ಕಡಿಮೆಯಾಗುತ್ತಿದ್ದರೆ, ಬೆನ್ನು ಗೂನಾಗುತ್ತಿದ್ದರೆ ಎಲುಬಿನ ಸಾಂದ್ರತೆ ಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ಕೇಳಿ. ರಾಗಿ, ಎಳ್ಳು, ಹಾಲು, ಮೊಸರು, ಮುಳ್ಳು ಸಹಿತ ತಿನ್ನುವ ಸಣ್ಣ ಮೀನು ಊಟದಲ್ಲಿರಲಿ. ಎಲುಬು ಟೊಳ್ಳಾಗಿದೆ ಎಂದು ಗೊತ್ತಾದವರು ತುಂಬಾ ಮುಂದಕ್ಕೆ ಬಾಗುವ ಆಸನಗಳನ್ನು ಮಾಡಬಾರದು.

ಕಾಯಬಾರದ ಲಕ್ಷಣಗಳು

ಸೊಂಟ ನೋವಿನ ಜತೆಗೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯಲ್ಲಿ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ಬಿದ್ದ ಮೇಲೆ ಬಂದ ನೋವು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೂ ತಡ ಮಾಡಬೇಡಿ.

ತರಗತಿಗೆ ಒಂದು ಚಟುವಟಿಕೆ

ಡಿಸ್ಕಿನ ನೀರಿನ ಓಡಾಟವನ್ನು ಮಕ್ಕಳೇ ಅಳೆಯಬಹುದು. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಬೇಕು. ತಲೆಯ ಮೇಲೆ ಪುಸ್ತಕವನ್ನು ಗೋಡೆಗೆ ಲಂಬವಾಗಿ ಇಟ್ಟು ಮನೆಯವರು ಗೆರೆ ಹಾಕಲಿ. ರಾತ್ರಿ ಮಲಗುವ ಮೊದಲು ಹಾಗೆಯೇ ಇನ್ನೊಂದು ಗೆರೆ. ಶಾಲೆಗೆ ಬಂದು ಅಳೆದರೆ ಆಗದು, ಎತ್ತರ ಹೆಚ್ಚು ಇಳಿಯುವುದು ಎದ್ದ ಮೊದಲ ಗಂಟೆಗಳಲ್ಲಿ. ದಿನದಲ್ಲಿ ಸುಮಾರು ಶೇಕಡಾ ಒಂದು ವ್ಯತ್ಯಾಸ ಸಿಗಬಹುದು. ಐದು ದಿನ ಅಳೆದು ಸರಾಸರಿ ತೆಗೆಯಲಿ. ಮನೆಯ ಅಜ್ಜ, ಅಜ್ಜಿಯನ್ನೂ ಅಳೆದು ಹೋಲಿಸಲಿ. ನಾವು ಅಧ್ಯಾಪಕರೂ ಅಳೆದು ನೋಡೋಣ. ನಿಮ್ಮ ಶಾಲೆಯ ಕೋಷ್ಟಕವನ್ನು ಮುಂದಿನ ಸಂಚಿಕೆಗೆ ಕಳುಹಿಸಿ.