ಆ ಕಡೆಯವರಿಗೆ ಕೇಳಿಸುತ್ತಿದೆಯೇ?

ಬ್ಲೂಟೂತ್ ಹೆಡ್‌ಸೆಟ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮಾಡುವ ಪರೀಕ್ಷೆ ಸಾಮಾನ್ಯವಾಗಿ ಒಂದೇ. ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ, ಅಂಗಡಿಯ ಹುಡುಗ ತನ್ನ ಫೋನಿನಿಂದ ಹೊಸ ಸಿನಿಮಾದ ಹಾಡೊಂದನ್ನು ಹಾಕುತ್ತಾನೆ, ಡ್ರಮ್ಮಿನ ಹೊಡೆತ ಜೋರಾಗಿ ಬಂತೆಂದರೆ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಆಗಲಿ, ತಾಲ್ಲೂಕು ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಾಗಲಿ, ಇದರಲ್ಲಿ ವ್ಯತ್ಯಾಸವಿಲ್ಲ. ಮನೆಗೆ ಬಂದು ಮೊದಲ ಕರೆ ಮಾಡಿದಾಗ ಆ ಕಡೆಯಿಂದ ಬರುತ್ತದೆ ಉತ್ತರ: “ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳ್ತಿದೆ. ಅದೇನಿದೆಯೋ ಅದನ್ನ ತೆಗೆದಿಟ್ಟು ಮಾತಾಡು ಮಾರಾಯ.”

ಹಾಡು ಅಷ್ಟು ಚೆನ್ನಾಗಿ ಕೇಳಿಸಿದ ಸಾಧನದಲ್ಲಿ ಮಾತು ಯಾಕೆ ಕೆಡಬೇಕು? ಬ್ಲೂಟೂತಿನಲ್ಲಿ ಹಾಡಿಗೊಂದು ದಾರಿ, ಮಾತಿಗೊಂದು ದಾರಿ. ಹಾಡು ಕೇಳುವಾಗ ಧ್ವನಿ ಫೋನಿನಿಂದ ಕಿವಿಗೆ ಮಾತ್ರ ಹರಿಯುತ್ತದೆ. ಎ2ಡಿಪಿ ಎಂಬ ಆ ದಾರಿಯಲ್ಲಿ ಸೆಕೆಂಡಿಗೆ 300 ಕಿಲೋಬಿಟ್‌ಗೂ ಹೆಚ್ಚು ಮಾಹಿತಿ ಸಾಗಬಲ್ಲದು. ಕರೆ ಬಂದರೆ ಮೈಕ್ ತೆರೆಯಬೇಕು, ಧ್ವನಿ ಎರಡೂ ಕಡೆ ಓಡಾಡಬೇಕು, ಅದೂ ತಡವಿಲ್ಲದೆ. ಆಗ ಸಾಧನ ಎಚ್‌ಎಫ್‌ಪಿ, ಅಂದರೆ ಹ್ಯಾಂಡ್ಸ್ ಫ್ರೀ ಪ್ರೊಫೈಲ್ ಎಂಬ ಬೇರೆ ದಾರಿಗೆ ಬದಲಾಗುತ್ತದೆ. ಅಲ್ಲಿ ಬಹುಪಾಲು ಸಾಧನಗಳಿಗೆ ಸಿಗುವುದು ಒಂದೊಂದು ದಿಕ್ಕಿಗೆ ಸೆಕೆಂಡಿಗೆ 64 ಕಿಲೋಬಿಟ್ ಮಾತ್ರ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಎಎಸಿ, ಎಲ್‌ಡಿಎಸಿ ಮುಂತಾದ ಹೆಸರುಗಳು ಹಾಡಿನ ದಾರಿಯವು. ದಿನಕ್ಕೆ ಹತ್ತಾರು ಕರೆ ಮಾಡುವ ಎಲ್‌ಐಸಿ ಏಜೆಂಟರಿಗೋ ಮಂಡಿ ವ್ಯಾಪಾರಿಗೋ ಅವುಗಳಿಂದ ಕಾಸಿನ ಉಪಯೋಗವಿಲ್ಲ.

ಆ 64 ಕಿಲೋಬಿಟ್ಟಿನೊಳಗೂ ಎರಡು ದರ್ಜೆ ಇವೆ. ಹಳೆಯದಾದ ಸಿವಿಎಸ್‌ಡಿ ವಿಧಾನ ಹಿಂದಿನ ಲ್ಯಾಂಡ್‌ಲೈನಿನಂತೆ ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. 2011ರಲ್ಲಿ ಬಂದ ಎಚ್‌ಎಫ್‌ಪಿ 1.6 ಆವೃತ್ತಿ ಎಂಎಸ್‌ಬಿಸಿ ಎಂಬ ಇನ್ನೊಂದು ವಿಧಾನವನ್ನು ಸೇರಿಸಿತು. ಇದು ಅಷ್ಟೇ ಜಾಗದಲ್ಲಿ ಸುಮಾರು 7000 ಹರ್ಟ್ಜ್‌ವರೆಗೆ ಹಿಡಿದು ತರುತ್ತದೆ. ನಮ್ಮಲ್ಲಿ 2016ರಲ್ಲಿ ಜಿಯೋ ಬಂದ ಮೇಲೆ ವೋಲ್ಟೀ ಕರೆ ಮನೆಮಾತಾಯಿತು, ನೆಟ್‌ವರ್ಕ್ ಅಗಲವಾದ ಧ್ವನಿಯನ್ನು ಸಾಗಿಸತೊಡಗಿತು. ಫೋನು, ಸಿಮ್ಮು ಎರಡೂ ಅದನ್ನು ಕೊಡುತ್ತಿರುವಾಗ ಕಿವಿಯಲ್ಲಿರುವ ಅಗ್ಗದ ಹೆಡ್‌ಸೆಟ್ ಹಳೆಯ ವಿಧಾನವನ್ನೇ ಹಿಡಿದು ಕೂತಿದ್ದರೆ ಅಷ್ಟೂ ನಷ್ಟ. ಆದ್ದರಿಂದ ವಿವರಪಟ್ಟಿಯಲ್ಲಿ ಹುಡುಕಬೇಕಾದ ಪದ ‘ವೈಡ್‌ಬ್ಯಾಂಡ್’ ಅಥವಾ ‘ಎಚ್‌ಡಿ ವಾಯ್ಸ್’. ಬರೀ ‘ಬ್ಲೂಟೂತ್ 5.3’ ಎಂದು ಬರೆದಿದ್ದರೆ ಕರೆಯ ಗುಣಮಟ್ಟದ ಬಗ್ಗೆ ಅದು ಏನನ್ನೂ ಹೇಳಿದಂತಾಗಲಿಲ್ಲ. ಎಲ್‌ಇ ಆಡಿಯೋ, ಎಲ್‌ಸಿ3 ಎಂಬ ಹೊಸ ವ್ಯವಸ್ಥೆ ಇನ್ನೂ ಚೆನ್ನಾಗಿದೆ, ಆದರೆ ಫೋನು ಮತ್ತು ಹೆಡ್‌ಸೆಟ್ ಎರಡರಲ್ಲೂ ಇದ್ದರೆ ಮಾತ್ರ ಅದರ ಪ್ರಯೋಜನ.

ಈ ಹರ್ಟ್ಜ್ ಲೆಕ್ಕ ಒಣ ತಾಂತ್ರಿಕತೆಯಲ್ಲ. ‘ಸ’ಕಾರದ ಸಿಳ್ಳಿನ ಬಹುಭಾಗ 4000 ಹರ್ಟ್ಜ್‌ಗಿಂತ ಮೇಲಿರುತ್ತದೆ. ಅದನ್ನು ಕತ್ತರಿಸಿದರೆ ‘ಸ’ ಮತ್ತು ‘ಫ’ ಒಂದೇ ಥರ ಕೇಳಿಸುತ್ತವೆ. “ಸೇಲ್ ಆಯ್ತು” ಎಂದದ್ದು “ಫೇಲ್ ಆಯ್ತು” ಎಂದು ಕೇಳಿಸಿದರೆ ಏನಾಗಬಹುದೆಂದು ಯಾವ ವ್ಯಾಪಾರಿಯನ್ನಾದರೂ ಕೇಳಿ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಹೇಳುವಾಗ ‘ಎಫ್ ಫಾರ್ ಫಾದರ್, ಎಸ್ ಫಾರ್ ಸನ್’ ಎಂದು ಬಿಡಿಸಿ ಹೇಳುವ ಅಭ್ಯಾಸ ಬಂದದ್ದೇ ಇಂಥ ಗೊಂದಲಗಳಿಂದ.

ಹೀಗಾಗಿ ನಾನು ಹೆಡ್‌ಸೆಟ್ ಪರೀಕ್ಷಿಸುವುದು ಪದಗಳ ಒಂದು ಪಟ್ಟಿ ಹಿಡಿದು. ಇಪ್ಪತ್ತು–ಎಪ್ಪತ್ತು, ಸಾಲು–ಹಾಲು, ಮಾಡು–ನಾಡು, ಸೇಲ್–ಫೇಲ್, ಜೊತೆಗೆ ಯಾವುದಾದರೂ ಬ್ಯಾಂಕ್ ಶಾಖೆಯ 11 ಅಕ್ಷರ-ಅಂಕಿಗಳ ಐಎಫ್‌ಎಸ್‌ಸಿ ಕೋಡು. ಇವನ್ನು ಕ್ರಮ ತಪ್ಪಿಸಿ ಓದುವುದು, ಆ ಕಡೆಯವರು ಕೇಳಿದ್ದನ್ನು ಬರೆದುಕೊಂಡು ತಿರುಗಿ ಓದುವುದು. ತೀರ್ಥಹಳ್ಳಿ ಕಡೆಯ ನಮ್ಮಕ್ಕ ಈ ಕೆಲಸಕ್ಕೆ ನನಗೆ ಸಿಕ್ಕಿರುವ ಪರೀಕ್ಷಕಿ. ನನ್ನ ಕಿವಿಯಲ್ಲಿರುವುದು ಯಾವ ಕಂಪನಿಯದ್ದು, ಎಷ್ಟು ಬೆಲೆಯದ್ದು ಎಂಬುದು ಆಕೆಗೆ ಗೊತ್ತಿರುವುದಿಲ್ಲ, ಅದೇ ಅನುಕೂಲ. ಕರೆಯ ಗುಣಮಟ್ಟ ಅಳೆಯಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಂದರಿಂದ ಐದರವರೆಗೆ ಅಂಕ ಕೊಡುವ ಕ್ರಮವೊಂದನ್ನು ಮಾಡಿಟ್ಟಿದೆ. ಅಕ್ಕನಲ್ಲಿರುವುದು ಮೂರೇ ದರ್ಜೆ: “ಸರಿ ಇದೆ”, “ಅಡ್ಡಿಲ್ಲ”, “ಇಡು ಫೋನು”.

ಒಂದು ಎಚ್ಚರ. ಮೊದಲು ಅದೇ ಜಾಗದಲ್ಲಿ ನಿಂತು, ಫೋನನ್ನೇ ಕಿವಿಗಿಟ್ಟುಕೊಂಡು ಒಂದು ಸುತ್ತು ಓದಿ. ಆಮೇಲೆ ಹೆಡ್‌ಸೆಟ್ ಹಾಕಿ. ಮಲೆನಾಡಿನಲ್ಲಿ ಟವರ್ ಸಿಗದೆ ಮಾತು ತುಂಡಾದರೆ ಹೆಡ್‌ಸೆಟ್ಟಿನ ಮೇಲೆ ಗೂಬೆ ಕೂರಿಸಿ ಪ್ರಯೋಜನವಿಲ್ಲ. ಹಾಗೆಯೇ ನಿಶ್ಶಬ್ದವಾದ ಕೋಣೆಯಲ್ಲಿ ಮಾತ್ರ ಪರೀಕ್ಷೆ ಮಾಡಬೇಡಿ, ಅಲ್ಲಿ ಎಲ್ಲವೂ ಪಾಸಾಗುತ್ತವೆ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿರಲಿ, ಸೀಲಿಂಗ್ ಫ್ಯಾನ್ ಐದರಲ್ಲಿರಲಿ, ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿರಲಿ, ಮೆಜೆಸ್ಟಿಕ್ಕಿನಲ್ಲಿ ಕಂಡಕ್ಟರು ಊರ ಹೆಸರು ಕೂಗುತ್ತಿರಲಿ. ನೀವು ದಿನಾ ಮಾತಾಡುವ ಜಾಗ ಯಾವುದೋ ಅಲ್ಲಿ ಪಟ್ಟಿ ಓದಬೇಕು.

ಗದ್ದಲದಲ್ಲಿ ಗೆಲ್ಲುವುದು ಅಥವಾ ಸೋಲುವುದು ಮೈಕು ಬಾಯಿಗೆ ಎಷ್ಟು ಹತ್ತಿರ ಇದೆ ಎಂಬುದರ ಮೇಲೆ. ದೂರ ಎರಡು ಪಟ್ಟಾದಂತೆಲ್ಲ ಧ್ವನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಕಡ್ಡಿಯಂತೆ ಮುಂದೆ ಚಾಚಿದ ಬೂಮ್ ಮೈಕು ಬಾಯಿಂದ 3 ಸೆಂಟಿಮೀಟರ್ ದೂರದಲ್ಲಿದ್ದು, ಕಿವಿಯೊಳಗಿನ ಬಡ್ಸಿನ ಮೈಕು 12 ಸೆಂಟಿಮೀಟರ್ ದೂರದಲ್ಲಿದ್ದರೆ ನಿಮ್ಮ ಮಾತು ಅಲ್ಲಿಗೆ ತಲುಪುವಾಗಲೇ 12 ಡೆಸಿಬೆಲ್ ಕಳೆದುಕೊಂಡಿರುತ್ತದೆ. ಬಸ್ಸಿನ ಹಾರ್ನ್ ಮಾತ್ರ ಎರಡೂ ಮೈಕಿಗೆ ಒಂದೇ ಸಮ. ಈ ಕೊರತೆಯನ್ನು ಬಡ್ಸ್‌ಗಳು ಎರಡು ಮೂರು ಮೈಕುಗಳ ಲೆಕ್ಕಾಚಾರದಿಂದ ತುಂಬಿಕೊಳ್ಳಲು ನೋಡುತ್ತವೆ. ದುಬಾರಿಯವು ಚೆನ್ನಾಗಿಯೇ ಮಾಡುತ್ತವೆ. ಅಗ್ಗದವು ಗದ್ದಲದ ಜೊತೆ ಮಾತಿನ ಅರ್ಧವನ್ನೂ ಅಳಿಸಿಹಾಕುತ್ತವೆ, ವಾಕ್ಯದ ಕೊನೆಯ ಕ್ರಿಯಾಪದವೇ ಮಾಯ. ಕನ್ನಡದಲ್ಲಿ ಬರ್ತೀನೋ ಬರಲ್ಲವೋ ಎಂಬುದು ಗೊತ್ತಾಗುವುದೇ ಅಲ್ಲಿ.

1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ವಿಮಾನ ಚಾಲಕರು ಪ್ಲಾಂಟ್ರಾನಿಕ್ಸ್ ಕಂಪನಿ ಶುರುಮಾಡಿದ್ದು ಕಡ್ಡಿ ಮೈಕಿನ ಹಗುರ ಹೆಡ್‌ಸೆಟ್ ತಯಾರಿಸಲೆಂದೇ. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನಿಂದ ಆಡಿದ ಮಾತು ಭೂಮಿಗೆ ಬಂದದ್ದು ಅವರ ಹೆಡ್‌ಸೆಟ್ ಮೂಲಕ. ಅಂದಿನಿಂದ ಇಂದಿನ ಕಾಲ್ ಸೆಂಟರ್‌ವರೆಗೆ ಮಾತನ್ನೇ ಕಸುಬು ಮಾಡಿಕೊಂಡವರು ಬಾಯ ಹತ್ತಿರದ ಕಡ್ಡಿ ಮೈಕನ್ನು ಬಿಟ್ಟಿಲ್ಲ. ನೋಡಲು ಅಷ್ಟು ಚಂದವಿಲ್ಲ, ನಿಜ. ಮದುವೆ ಮನೆಗೆ ಹಾಕಿಕೊಂಡು ಹೋಗುವ ವಸ್ತುವೂ ಅಲ್ಲ.

ಡಬ್ಬಿಯ ಮೇಲಿನ ಇನ್ನೆರಡು ಸಂಕ್ಷೇಪಗಳು ಬಹಳ ಜನರ ದಾರಿ ತಪ್ಪಿಸುತ್ತವೆ. ಎಎನ್‌ಸಿ ಎಂದರೆ ಹೊರಗಿನ ಗದ್ದಲ ನಿಮ್ಮ ಕಿವಿಗೆ ಬೀಳದಂತೆ ಮಾಡುವುದು. ಇಎನ್‌ಸಿ ಎಂದರೆ ನಿಮ್ಮ ಸುತ್ತಲ ಗದ್ದಲ ಆ ಕಡೆಯವರಿಗೆ ಹೋಗದಂತೆ ಮಾಡುವುದು. ಎಎನ್‌ಸಿಗೆಂದು ಹೆಚ್ಚು ದುಡ್ಡು ಕೊಟ್ಟು ತಂದು, ‘ನನಗೆ ನೀಟಾಗಿ ಕೇಳಿಸುತ್ತಿದೆ, ಅವರಿಗೇನು ಕಷ್ಟ’ ಎನ್ನುವವರು ಎಷ್ಟು ಜನ!

ಬಸ್ಸಿನಲ್ಲಿ ಹೆಡ್‌ಸೆಟ್ ಹಾಕಿಕೊಂಡವರು ಅಷ್ಟು ಕಿರುಚಿ ಮಾತಾಡುವುದೇಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ನಾವು ಮಾತಾಡುವಾಗ ನಮ್ಮ ದನಿಯನ್ನು ನಾವೇ ಕೇಳಿಸಿಕೊಳ್ಳುತ್ತ ಏರಿಸಿ ಇಳಿಸುತ್ತಿರುತ್ತೇವೆ. ಹಳೆಯ ಟೆಲಿಫೋನಿನ ರಿಸೀವರು ಮಾತಾಡುವವನ ದನಿಯನ್ನು ಸ್ವಲ್ಪ ಅವನ ಕಿವಿಗೇ ಮರಳಿಸುತ್ತಿತ್ತು. ಇದಕ್ಕೆ ಸೈಡ್‌ಟೋನ್ ಎನ್ನುತ್ತಾರೆ. ರಬ್ಬರ್ ಬಿರಡೆಯ ಬಡ್ಸ್ ಎರಡೂ ಕಿವಿಯನ್ನು ಮುಚ್ಚಿದಾಗ ಸೈಡ್‌ಟೋನ್ ಇಲ್ಲದಿದ್ದರೆ ನಮ್ಮ ದನಿ ತಲೆಬುರುಡೆಯೊಳಗೆ ಗುಂಯ್‌ಗುಡುತ್ತದೆ, ಸ್ಪಷ್ಟತೆ ಹೋಗುತ್ತದೆ. ಆ ಕಡೆಗೆ ಕೇಳಿಸುತ್ತಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಗಂಟಲು ತಾನಾಗಿ ಏರುತ್ತದೆ. ಸುತ್ತ ಗದ್ದಲವಿದ್ದಾಗ ಮನುಷ್ಯ ತನಗರಿವಿಲ್ಲದೆ ದನಿ ಎತ್ತರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಷ್ಟು ಹಿಂದೆಯೇ ವಿವರಿಸಿದ್ದ. ಪಕ್ಕದ ಸೀಟಿನವರ ಆಸ್ಪತ್ರೆ ಬಿಲ್ಲು, ಸೊಸೆಯ ಮೇಲಿನ ದೂರು, ಸೈಟಿನ ಅಡ್ವಾನ್ಸು ಎಲ್ಲ ನಮಗೆ ಬಾಯಿಪಾಠವಾಗುವುದರಲ್ಲಿ ಅವರ ಸ್ವಭಾವದ ಪಾಲಿಗಿಂತ ಕಿವಿಯ ಬಿರಡೆಯ ಪಾಲು ಹೆಚ್ಚು. ಪರಿಹಾರ ಸುಲಭ. ಒಂದು ಕಿವಿಯನ್ನು ತೆರೆದಿಡುವುದು, ಇಲ್ಲವೇ ಸೈಡ್‌ಟೋನ್ ಇರುವ ಸಾಧನ ಕೊಳ್ಳುವುದು. ಪರೀಕ್ಷೆಯ ಹೊತ್ತಿನಲ್ಲಿ ಮನೆಯವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ನೀವು ಎಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದೀರಿ ಎಂದು ವಿಚಾರಿಸಿ. ಈ ಅಂಶ ಯಾವ ಡಬ್ಬಿಯ ಮೇಲೂ ಅಚ್ಚಾಗಿರುವುದಿಲ್ಲ.

‘10 ಮೀಟರ್ ದೂರ’ ಎಂಬ ಮಾತು ಬಯಲಿನ ಲೆಕ್ಕ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಜ್ ಅಲೆಗಳನ್ನು ನೀರು ತುಂಬಿದ ನಮ್ಮ ಮೈ ಚೆನ್ನಾಗಿ ಹೀರುತ್ತದೆ. ಫೋನು ಪ್ಯಾಂಟಿನ ಎಡ ಹಿಂಜೇಬಿನಲ್ಲಿ, ಹೆಡ್‌ಸೆಟ್ ಬಲಗಿವಿಯಲ್ಲಿ ಇದ್ದರೆ ಒಂದು ಮೀಟರಿನೊಳಗೂ ಮಾತು ತುಂಡಾಗಬಹುದು. ಫೋನನ್ನು ಅದೇ ಬದಿಯ ಜೇಬಿಗೆ ಹಾಕಿಕೊಳ್ಳಿ, ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ಧರಿಸುವ ಅನುಕೂಲ ಒಬ್ಬೊಬ್ಬರಿಗೆ ಒಂದೊಂದು. ಕನ್ನಡಕದವರಿಗೆ ಕಿವಿಯ ಹಿಂದೆ ಕೂರುವ ಕೊಕ್ಕೆ ಒತ್ತುತ್ತದೆ. ಜುಮುಕಿ ಹಾಕುವವರ ಮೈಕಿಗೆ ಅದರ ಸದ್ದೂ ಸೇರುತ್ತದೆ. ನೆಕ್‌ಬ್ಯಾಂಡಿನ ಮೈಕು ಶರ್ಟಿನ ಕಾಲರಿಗೋ ಸೆರಗಿಗೋ ಉಜ್ಜಿದರೆ ಆ ಕಡೆಯವರಿಗೆ ಪರಪರ ಸದ್ದು. ರಾಯಚೂರು, ಕಲಬುರಗಿಯ ಬಿಸಿಲಿಗೆ ಬೆವರು ತಡೆಯುವ ಐಪಿಎಕ್ಸ್4 ದರ್ಜೆಯಾದರೂ ಬೇಕು. ಗುಂಡಿಯ ವಿಷಯದಲ್ಲಿ ನನ್ನದು ಹಟ: ಒತ್ತಿದರೆ ‘ಟಿಕ್’ ಎನ್ನುವ ನಿಜವಾದ ಗುಂಡಿ ಇರಲಿ. ಮುಟ್ಟಿದರೆ ಸಾಕು ಎನ್ನುವ ಟಚ್ ಬಡ್ಸುಗಳು ಕಿವಿಯಲ್ಲಿ ಸರಿಯಾಗಿ ಕೂರಿಸಲು ಹೋದಾಗಲೇ ಕರೆ ಕತ್ತರಿಸುತ್ತವೆ, ಹಿಟ್ಟು ಕಲಸಿದ ಕೈಯನ್ನು ಗುರುತಿಸುವುದೂ ಇಲ್ಲ.

ಬ್ಯಾಟರಿ ಕುರಿತು ಹೆಚ್ಚೇನಿಲ್ಲ. ‘40 ಗಂಟೆ’ ಎಂದಿದ್ದರೆ ಅದರಲ್ಲಿ ಕೇಸಿನ ಚಾರ್ಜೂ ಸೇರಿರುತ್ತದೆ, ಅದೂ ಹಾಡು ಕೇಳುವ ಲೆಕ್ಕ. ‘ಟಾಕ್ ಟೈಮ್’ ಎಷ್ಟೆಂದು ಬೇರೆಯಾಗಿ ನೋಡಿ. ಬಡ್ಸಿನ ಪುಟ್ಟ ಲಿಥಿಯಂ ಬ್ಯಾಟರಿ ಸವೆದರೆ ಬದಲಾಯಿಸುವ ದಾರಿ ಬಹುತೇಕ ಇಲ್ಲ. ಡಬ್ಬಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಗಮನಿಸಿ. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ತಾಳೆ ನೋಡಬಹುದು.

ಗಾಡಿ ಓಡಿಸುವವರಿಗೆ ಒಂದು ಮಾತು. ಕೈಯಲ್ಲಿ ಫೋನ್ ಹಿಡಿದು ವಾಹನ ಚಲಾಯಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆ. ಹೆಡ್‌ಸೆಟ್ ಇದ್ದರೆ ಆ ಅಪಾಯ ಹೋಯಿತು ಎಂದುಕೊಳ್ಳಬೇಡಿ. ಕೈ ಖಾಲಿಯಿದ್ದರೂ ಗಮನ ಮಾತಿನಲ್ಲಿರುತ್ತದೆ, ಹ್ಯಾಂಡ್ಸ್ ಫ್ರೀ ಬಳಕೆ ಹೆಚ್ಚು ಸುರಕ್ಷಿತವೇನಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಅಲ್ಲದೆ ಬೈಕಿನ ಗಾಳಿಯ ಮುಂದೆ ಬಹುಪಾಲು ಹೆಡ್‌ಸೆಟ್ಟುಗಳು ಸೋಲುತ್ತವೆ. ಪಕ್ಕಕ್ಕೆ ನಿಲ್ಲಿಸಿ ಮಾತಾಡಿ.

ಇನ್ನು ತೀರ್ಪು. ದಿನಕ್ಕೆ ಗಂಟೆಗಟ್ಟಲೆ ಫೋನಿನಲ್ಲೇ ಕೆಲಸ ಮಾಡುವವರು ಬೇರೆ ಯೋಚನೆ ಮಾಡದೆ ಒಂದೇ ಕಿವಿಯ, ಕಡ್ಡಿ ಮೈಕಿನ ಹೆಡ್‌ಸೆಟ್ ತೆಗೆದುಕೊಳ್ಳಲಿ, ಬೆಲೆ ಸ್ವಲ್ಪ ಹೆಚ್ಚಾದರೂ ಸರಿ. ಮನೆಗೆಲಸದ ನಡುವೆ, ಓಡಾಟದ ನಡುವೆ ಮಾತಾಡುವವರಿಗೆ ಗುಂಡಿಯಿರುವ ಸಾಧಾರಣ ನೆಕ್‌ಬ್ಯಾಂಡ್ ಸಾಕು, ಕಳೆದುಹೋಗುವ ಭಯವೂ ಕಡಿಮೆ. ಬಡ್ಸ್ ಹಾಡಿಗೆ, ಕೋಣೆಯೊಳಗಿನ ಚುಟುಕು ಮಾತಿಗೆ. ದಿನಕ್ಕೆ ಎರಡು ಮೂರು ಕರೆ ಮಾತ್ರ ಮಾಡುವವರು ಫೋನಿನ ಜೊತೆ ಹೊಂದುವ ತಂತಿಯ ಇಯರ್‌ಫೋನ್ ಕೊಂಡರೆ ಚಾರ್ಜು, ಸಂಪರ್ಕ ಎಂಬ ಯಾವ ರಗಳೆಯೂ ಇಲ್ಲ. ಯಾವುದನ್ನೇ ಕೊಂಡರೂ ವಾಪಸು ಕೊಡುವ ಅವಧಿ ಎಷ್ಟು ದಿನ, ದುಡ್ಡು ಮರಳುತ್ತದೆಯೋ ಇಲ್ಲ ಬದಲಿ ವಸ್ತು ಮಾತ್ರವೋ ಎಂದು ಮೊದಲೇ ಕೇಳಿಕೊಳ್ಳಿ. ಆ ಅವಧಿಯೊಳಗೆ ನೀವು ಹೆಚ್ಚು ಮಾತಾಡುವ ಒಬ್ಬರಿಗೆ, ನಿಮ್ಮ ದಿನದ ಅತಿ ಗದ್ದಲದ ಜಾಗದಿಂದ ಕರೆ ಮಾಡಿ ಪಟ್ಟಿ ಓದಿ. ಎರಡಕ್ಕಿಂತ ಹೆಚ್ಚು ಸಲ “ಏನಂದ್ರಿ?” ಎಂದರೆ ಅದನ್ನು ಅಂಗಡಿಗೆ ಹಿಂದಿರುಗಿಸಿ.